ಜೋಡಿ ಆಟದಲ್ಲಿ ಅಂಕ ಯಾರ ಖಾತೆಗೆ?

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ರೋಹನ್ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡನ್ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಸೋಮವಾರ ಹೊಸ ರ‍್ಯಾಂಕಿಂಗ್ ಬಂತು. ಬೋಪಣ್ಣ ಜಗತ್ತಿಗೇ ನಂಬರ್ 1, ಅದೂ 43ನೇ ವಯಸ್ಸಿನಲ್ಲಿ. ಕೊಡಗಿನವರು, ಬೆಂಗಳೂರಿನವರು, ಟೆನಿಸ್ ಗೊತ್ತಿರುವವರು, ಗೊತ್ತಿಲ್ಲದವರು, ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ. ಆದರೆ ಫೈನಲ್‌ನಲ್ಲಿ ಪಕ್ಕದಲ್ಲೇ ನಿಂತು ಆಡಿದ ಎಬ್ಡನ್ ನಂಬರ್ 1 ಆಗಲಿಲ್ಲ. ಬೋಪಣ್ಣನವರ ಕೆಳಗಿದ್ದರು. ಇಬ್ಬರಿಗೂ ಆ ಗೆಲುವಿನಿಂದ ಬಂದದ್ದು ತಲಾ 2000 ಅಂಕ, ಒಂದು ಅಂಕವೂ ಆಚೀಚೆ ಇಲ್ಲ. ಹಾಗಾದರೆ ಒಬ್ಬರು ಮೇಲೆ, ಒಬ್ಬರು ಕೆಳಗೆ ಹೇಗೆ?

ಉತ್ತರ ಸುಲಭ. ಟೆನಿಸ್‌ನಲ್ಲಿ ಡಬಲ್ಸ್ ರ‍್ಯಾಂಕಿಂಗ್ ಜೋಡಿಯದ್ದಲ್ಲ, ಆಟಗಾರನದ್ದು. ಇಬ್ಬರೂ ಸೇರಿ ಆಡಿದ ಟೂರ್ನಿಗಳಲ್ಲಿ ಅಂಕ ಸಮ. ಬೇರೆಯವರ ಜೊತೆ ಆಡಿದ್ದು, ಒಬ್ಬರು ಮನೆಯಲ್ಲಿದ್ದಾಗ ಇನ್ನೊಬ್ಬರು ಆಡಿದ್ದು, ಅಲ್ಲಿ ಲೆಕ್ಕ ಕವಲೊಡೆಯುತ್ತದೆ. ಒಂದೇ ತಿಂಗಳಲ್ಲಿ, ಫೆಬ್ರುವರಿ 26ಕ್ಕೆ, ಎಬ್ಡನ್ ಕೂಡ ನಂಬರ್ 1 ಆದರು. ಆಗ ಬೋಪಣ್ಣ ಕೆಳಗಿಳಿದರು. ಜೋಡಿ ಅದೇ!

ಇದನ್ನೆಲ್ಲ ಈಗ ಯಾಕೆ ಕೆದಕುತ್ತಿದ್ದೇನೆ ಅಂದರೆ, ಜರ್ಮನಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನ ದೆಸೆಯಿಂದ. ಅವನಿಗೆ ಅಲ್ಲಿ ಹೋದ ಮೇಲೆ ರೌಂಡ್‌ನೆಟ್ ಹುಚ್ಚು ಹಿಡಿದಿದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೆಚ್ಚುಕಡಿಮೆ 3 ಅಡಿ ಅಗಲದ ದುಂಡನೆಯ ಬಲೆ, ನೆಲದಿಂದ ಸ್ವಲ್ಪವೇ ಮೇಲೆ ಬಿಗಿದು ಕಟ್ಟಿರುತ್ತಾರೆ. ಸುತ್ತ ನಾಲ್ಕು ಜನ, ಇಬ್ಬಿಬ್ಬರದು ಒಂದು ಪಕ್ಷ. ಮೂರು ಸಲದೊಳಗೆ ಚೆಂಡನ್ನು ಬಲೆಗೆ ಬಡಿಯಬೇಕು, ಅದು ಪುಟಿದು ಹೋದದ್ದನ್ನು ಎದುರು ಪಕ್ಷ ಎತ್ತಬೇಕು. ಸರ್ವ್ ಆದ ಮೇಲೆ ಈ ಕಡೆ ನಮ್ಮದು, ಆ ಕಡೆ ನಿಮ್ಮದು ಅಂತ ಏನೂ ಇಲ್ಲ, ಸುತ್ತಲೂ ಓಡಿಕೊಂಡು ಆಡಬಹುದು. 1989ರಲ್ಲಿ ಮಕ್ಕಳ ಆಟಿಕೆಯಾಗಿ ಬಂದು ಮೂಲೆಗುಂಪಾಗಿದ್ದ ಆಟ ಇದು. 2008ರಲ್ಲಿ ಅಮೆರಿಕದ ಕ್ರಿಸ್ ರೂಡರ್ ಅದನ್ನು ಸ್ಪೈಕ್‌ಬಾಲ್ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ತಂದರು. ಈಗ ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಇದೆ, 2022ರಲ್ಲಿ ಬೆಲ್ಜಿಯಂನಲ್ಲಿ, 2024ರಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆದಿದೆ.

ಹುಡುಗನ ತಕರಾರು ಅವರ ಊರಿನ ಸಣ್ಣ ಲೀಗಿನ ಬಗ್ಗೆ. ಅಲ್ಲಿ ಅಂಕ ಜೋಡಿಯ ಹೆಸರಿಗೆ. ವರ್ಷದ ಕೊನೆಗೆ ಮೇಲಿನ ಎಂಟು ಜೋಡಿಗಳಿಗೆ ಫೈನಲ್ ಟೂರ್ನಿ. ಜೊತೆಗಾರ ಬದಲಾದರೆ ಹೊಸ ಜೋಡಿ, ಹೊಸ ಜೋಡಿ ಅಂದರೆ ಸೊನ್ನೆ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಆದರೆ ಅಲ್ಲಿ ಆಡುವವರೆಲ್ಲ ಓದೋ ಹುಡುಗರು. ಒಬ್ಬನಿಗೆ ಪರೀಕ್ಷೆ, ಒಬ್ಬಳಿಗೆ ಇನ್ನೊಂದು ಊರಲ್ಲಿ ಇಂಟರ್ನ್‌ಷಿಪ್, ಜೊತೆಗಾರರು ಬದಲಾಗುತ್ತಲೇ ಇರುತ್ತಾರೆ.

ಹೋದ ಟೂರ್ನಿಯಲ್ಲಿ ಆದದ್ದು ಇದು. 16 ಜೋಡಿ, ನಾಲ್ಕು ಗುಂಪು. ಪ್ರತಿ ಗುಂಪಿನಲ್ಲಿ ಒಂದು ಮೇಲಿನ ಜೋಡಿ, ಒಂದು ಎರಡನೇ ದರ್ಜೆಯದ್ದು, ಒಂದು ಮೂರನೆಯದ್ದು, ಒಂದು ಕೆಳಗಿನದ್ದು. ನಮ್ಮ ಹುಡುಗನ ಜೋಡಿ ಗುಂಪಿನಲ್ಲಿ ಎರಡನೆಯದು. ಕೆಳಗಿನ ಜೋಡಿ ಅಂತ ಬಂದವರು ಯಾರು? ಹಿಂದಿನ ವರ್ಷ ಬೇರೆ ಬೇರೆ ಜೊತೆಗಾರರನ್ನು ಕಟ್ಟಿಕೊಂಡು ಫೈನಲ್ ಆಡಿದ ಇಬ್ಬರು. ಆ ವಾರವಷ್ಟೇ ಒಂದಾಗಿದ್ದರು. ಹಾಳೆಯ ಮೇಲೆ ಅವರ ಅಂಕ ಸೊನ್ನೆ. ಮುಂದಕ್ಕೆ ಹೋಗುವುದು ಗುಂಪಿನ ಮೊದಲ ಎರಡು ಜೋಡಿ ಮಾತ್ರ. ಮೇಲಿನ ಜೋಡಿಗೂ ಸೋತು, ಈ ಸೊನ್ನೆ ಅಂಕದ ಜೋಡಿಗೂ ಸೋತು, ಹುಡುಗ ಮಧ್ಯಾಹ್ನಕ್ಕೆ ಹಾಸ್ಟೆಲ್‌ಗೆ ವಾಪಸ್.

"ಚಿಕ್ಕಮ್ಮ, ನೀನೇ ಹೇಳು, ಅವರಿಬ್ಬರು ಸೊನ್ನೆನಾ?" ಅಂತ ಅವನ ವಾಯ್ಸ್ ಮೆಸೇಜು. ಈಗ ಅವರ ಗುಂಪಿನಲ್ಲಿ ನಿಯಮ ಬದಲಾಯಿಸಬೇಕೋ ಬೇಡವೋ ಅಂತ ಚರ್ಚೆ ನಡೆದಿದೆ. ಅಭಿಪ್ರಾಯ ನನ್ನ ಹತ್ತಿರ ಯಾಕೆ ಕೇಳಿದ ಅಂದರೆ, ನಮ್ಮ ಅಪಾರ್ಟ್‌ಮೆಂಟಿನ ಶಟಲ್ ಡಬಲ್ಸ್ ಲೀಗಿನ ಲೆಕ್ಕದ ಪುಸ್ತಕ ನೋಡಿಕೊಳ್ಳುವವಳು ನಾನು. ಅದರ ಮೇಲೆ ಟೆನಿಸ್ ರ‍್ಯಾಂಕಿಂಗ್ ಅಂದರೆ ನನಗೆ ಆಟಕ್ಕಿಂತ ಜಾಸ್ತಿ ರುಚಿ. ಇದು ರೋಗ ಅಂತ ಮನೆಯವರ ತೀರ್ಮಾನ.

ಸೀಡಿಂಗ್, ಅಂದರೆ ಅಂಕ ನೋಡಿ ಬಲವಾದವರನ್ನು ಬೇರೆ ಬೇರೆ ಕಡೆ ಹಂಚುವುದು, ಮೇಲಿನವರಿಗೆ ಮಾಡೋ ಉಪಕಾರ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಮಧ್ಯದವರನ್ನು ಕಾಪಾಡೋಕೆ ಇರುವುದು. ಚೆನ್ನಾಗಿ ಆಡುವವರು ಎಲ್ಲಿದ್ದರೂ ಗೆಲ್ಲುತ್ತಾರೆ. ತಪ್ಪು ಜಾಗದಲ್ಲಿ ಕೂತ ಒಂದು ಗಟ್ಟಿ ಜೋಡಿಯಿಂದ ಹೊಡೆತ ಬೀಳುವುದು ಅದೇ ಗುಂಪಿನ ಎರಡನೆಯ, ಮೂರನೆಯ ಜೋಡಿಗೆ. ಹಾಗಾಗಿ ಹುಡುಗನ ಸಿಟ್ಟಿನಲ್ಲಿ ಅರ್ಥ ಇದೆ. ಆದರೆ ಅವನು ಕೇಳುತ್ತಿರುವ ಪರಿಹಾರ, ಎಲ್ಲ ಅಂಕವನ್ನೂ ಆಟಗಾರರ ಹೆಸರಿಗೆ ಬರೆದುಬಿಡಿ ಅನ್ನೋದು, ಅಷ್ಟು ಸಲೀಸಲ್ಲ.

ಟೆನಿಸ್‌ನವರು ಈ ವಿಷಯದಲ್ಲಿ ಬಹಳ ವರ್ಷ ಪೆಟ್ಟು ತಿಂದಿದ್ದಾರೆ. ಪುರುಷರ ಕಂಪ್ಯೂಟರ್ ರ‍್ಯಾಂಕಿಂಗ್ ಶುರುವಾದದ್ದು 1973ರ ಆಗಸ್ಟ್ 23ರಂದು. ಮೊದಲ ನಂಬರ್ 1 ರುಮೇನಿಯಾದ ಇಲಿ ನಸ್ಟಾಸೆ. ಅದಕ್ಕೆ ಮುಂಚೆ ಯಾರನ್ನು ಟೂರ್ನಿಗೆ ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವುದು ಬಹುಮಟ್ಟಿಗೆ ಸಂಘಟಕರ ಮರ್ಜಿ. ಡಬಲ್ಸ್ ಪಟ್ಟಿ ಬಂದದ್ದು 1976ರ ಮಾರ್ಚ್ 1ಕ್ಕೆ. ಆಗಿನ ಲೆಕ್ಕ ಸರಾಸರಿಯದ್ದು, ಒಟ್ಟು ಅಂಕವನ್ನು ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸುವುದು. ಸರಾಸರಿ ಇಟ್ಟರೆ ಏನಾಗುತ್ತೆ? ಮೇಲಿದ್ದವನು ಆಡೋಕೇ ಹೆದರುತ್ತಾನೆ. ಸಣ್ಣ ಟೂರ್ನಿಗೆ ಹೋಗಿ ಮೊದಲ ಸುತ್ತಲ್ಲಿ ಸೋತರೆ ಸರಾಸರಿ ಬೀಳುತ್ತದಲ್ಲ. 1990ರಲ್ಲಿ ಅದನ್ನು ಬಿಟ್ಟು, ಅತ್ಯುತ್ತಮ 14 ಟೂರ್ನಿಗಳ ಅಂಕ ಮಾತ್ರ ಕೂಡಿಸುವ ಪದ್ಧತಿಗೆ ಬಂದರು. ಎಷ್ಟು ಬೇಕಾದರೂ ಆಡು, ಸೋತದ್ದು ನಿನ್ನ ಲೆಕ್ಕ ಕೆಡಿಸೋದಿಲ್ಲ ಅಂತ. ಆಮೇಲೆ ಸಂಖ್ಯೆ ಬದಲಾಗಿದೆ, ತತ್ವ ಅದೇ.

ಜೊತೆಗೆ 52 ವಾರದ ನಿಯಮ. ಈ ವಾರ ಗೆದ್ದ ಅಂಕ ಮುಂದಿನ ವರ್ಷ ಇದೇ ಟೂರ್ನಿ ಬರುವ ತನಕ ಮಾತ್ರ. ಇದರ ಹೊಡೆತ ಹೇಗಿರುತ್ತದೆ ಅನ್ನೋದಕ್ಕೂ ಬೋಪಣ್ಣನವರೇ ಉದಾಹರಣೆ. 2025ರ ಆಸ್ಟ್ರೇಲಿಯನ್ ಓಪನ್‌ಗೆ ಅವರು ಕೊಲಂಬಿಯಾದ ನಿಕೋಲಸ್ ಬ್ಯಾರಿಯೆಂಟೋಸ್ ಜೊತೆ ಇಳಿದು ಮೊದಲ ಸುತ್ತಿನಲ್ಲೇ ಸೋತರು. ಗ್ರ್ಯಾಂಡ್‌ಸ್ಲಾಮ್ ಡಬಲ್ಸ್‌ನಲ್ಲಿ ಮೊದಲ ಸುತ್ತು ಸೋತರೆ ಸೊನ್ನೆ. ಹಿಂದಿನ ವರ್ಷದ 2000 ಹೋಯಿತು, ಬದಲಿಗೆ ಬಂದದ್ದು ಏನೂ ಇಲ್ಲ. ವರ್ಷದ ಹಿಂದೆ ನಂಬರ್ 1 ಮಾಡಿದ ಅದೇ ಟೂರ್ನಿ ಅವರನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಿತು. ಆ ನವೆಂಬರ್‌ನಲ್ಲಿ ಅವರು ನಿವೃತ್ತಿ ಹೇಳಿದರು.

ಇನ್ನು ನನಗೆ ನಿಜಕ್ಕೂ ಇಷ್ಟವಾಗುವ ಭಾಗ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿಯವರು ಡಬಲ್ಸ್‌ಗೆ ಎರಡು ಪುಸ್ತಕ ಇಟ್ಟಿದ್ದಾರೆ. ಒಂದು ಆಟಗಾರನ ಸ್ವಂತ ಖಾತೆ, ಇನ್ನೊಂದು ಜೋಡಿಯ ಜಂಟಿ ಖಾತೆ. ಟೂರ್ನಿಗೆ ಸೇರಿಕೊಳ್ಳೋಕೆ, ಸೀಡ್ ಪಡೆಯೋಕೆ ಸ್ವಂತ ಖಾತೆ ನೋಡುತ್ತಾರೆ, ಇಬ್ಬರ ರ‍್ಯಾಂಕ್ ಕೂಡಿಸಿ. ಆದ್ದರಿಂದ ಹೊಸ ಜೋಡಿ ಅಂದ ಮಾತ್ರಕ್ಕೆ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ಆದರೆ ವರ್ಷದ ಕೊನೆಯ ಎಟಿಪಿ ಫೈನಲ್ಸ್‌ಗೆ ಹೋಗಬೇಕಾದರೆ ಜಂಟಿ ಖಾತೆಯೇ ಗತಿ. ಎಂಟು ಜೋಡಿಗೆ ಮಾತ್ರ ಜಾಗ. ಅದು ಪ್ರತಿ ಸೀಸನ್ನಿಗೂ ಸೊನ್ನೆಯಿಂದ ಶುರುವಾಗುತ್ತದೆ, ಮತ್ತು ಬೇರೆಯವರ ಜೊತೆ ಗೆದ್ದ ಅಂಕ ಅದಕ್ಕೆ ಸೇರೋದಿಲ್ಲ.

ಬೋಪಣ್ಣ ಈ ಫೈನಲ್ಸ್‌ಗೆ ಹೋದ ದಾರಿ ನೋಡಿ. 2011ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ. 2012ರಲ್ಲಿ ಮಹೇಶ್ ಭೂಪತಿ ಜೊತೆ, ಫೈನಲ್ ತನಕ. 2015ರಲ್ಲಿ ರುಮೇನಿಯಾದ ಫ್ಲೋರಿನ್ ಮೆರ್ಜಿಯಾ ಜೊತೆ, ಮತ್ತೆ ಫೈನಲ್ ತನಕ. ಆಗೆಲ್ಲ ಅದು ಲಂಡನ್‌ನಲ್ಲಿ ನಡೆಯುತ್ತಿತ್ತು. ಆಮೇಲೆ ಏಳು ವರ್ಷ ಇಲ್ಲ. 2023 ಮತ್ತು 2024ರಲ್ಲಿ ಎಬ್ಡನ್ ಜೊತೆ ಟ್ಯೂರಿನ್‌ಗೆ. ನಾಲ್ಕು ಜನ ಜೊತೆಗಾರರು, ನಾಲ್ಕು ಬೇರೆ ಬೇರೆ ಜಂಟಿ ಖಾತೆ. ನಡುವಿನ ವರ್ಷಗಳಲ್ಲಿ ಅವರೇನು ಕೆಟ್ಟದಾಗಿ ಆಡಲಿಲ್ಲ. ಒಬ್ಬರ ಜೊತೆಯೇ ಇಡೀ ಸೀಸನ್ ಚೆನ್ನಾಗಿ ಕೂಡಿಬರಬೇಕು, ಇಲ್ಲದಿದ್ದರೆ ಸ್ವಂತ ರ‍್ಯಾಂಕ್ ಎಷ್ಟೇ ಇದ್ದರೂ ನವೆಂಬರ್‌ನಲ್ಲಿ ಮನೆಯಲ್ಲೇ. ಇದು ನನಗೆ ಸರಿ ಅನಿಸುತ್ತದೆ. ವರ್ಷದ ಶ್ರೇಷ್ಠ ಜೋಡಿ ಯಾವುದು ಅಂತ ತೀರ್ಮಾನಿಸುವ ಟೂರ್ನಿಗೆ ಇಡೀ ವರ್ಷ ಜೋಡಿಯಾಗಿದ್ದವರೇ ಬರಲಿ.

ಈ ಪದ್ಧತಿಯಲ್ಲೂ ಹುಳುಕಿಲ್ಲ ಅಂತಲ್ಲ. ಅದಕ್ಕೆ ಎಬ್ಡನ್ ಅವರ 2022 ನೋಡಬೇಕು. ಆ ವರ್ಷ ಅವರ ಜೊತೆಗಾರ ಮ್ಯಾಕ್ಸ್ ಪರ್ಸೆಲ್. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿ ನಿಕ್ ಕಿರಿಯೋಸ್, ಥನಾಸಿ ಕೊಕ್ಕಿನಾಕಿಸ್ ಜೋಡಿಗೆ ಸೋತರು. ಜುಲೈಯಲ್ಲಿ ವಿಂಬಲ್ಡನ್ ಗೆದ್ದರು, ಐದು ಸೆಟ್ ಆಡಿ. ಬಂದ ಅಂಕ ಎಷ್ಟು? ಸೊನ್ನೆ. ರಷ್ಯಾ, ಬೆಲಾರಸ್ ಆಟಗಾರರನ್ನು ವಿಂಬಲ್ಡನ್‌ನವರು ಆ ವರ್ಷ ಸೇರಿಸಲಿಲ್ಲ ಅಂತ ಎಟಿಪಿ ಅಲ್ಲಿನ ಅಂಕವನ್ನೇ ತೆಗೆದುಹಾಕಿತ್ತು. ಎಟಿಪಿ ಫೈನಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದವರಿಗೆ ಅಂತ ಒಂದು ಕಿಟಕಿ ಇದೆ: ಮೊದಲ ಏಳರಲ್ಲಿ ಇಲ್ಲದಿದ್ದರೂ ಮೊದಲ 20ರೊಳಗಿದ್ದರೆ ಎಂಟನೇ ಜಾಗ ಸಿಗಬಹುದು. ಆದರೆ ಅದು ಒಬ್ಬರಿಗೆ ಮಾತ್ರ. ಆ ವರ್ಷ ಟ್ಯೂರಿನ್‌ನ ಎಂಟು ಜೋಡಿಗಳಲ್ಲಿ ಕಿರಿಯೋಸ್, ಕೊಕ್ಕಿನಾಕಿಸ್ ಇದ್ದರು. ಎಬ್ಡನ್, ಪರ್ಸೆಲ್ ಇರಲಿಲ್ಲ. ಒಂದು ಸ್ಲಾಮ್ ಗೆದ್ದು, ಇನ್ನೊಂದರ ಫೈನಲ್ ಆಡಿ, ವರ್ಷದ ಎಂಟು ಜೋಡಿಗಳಲ್ಲಿ ಜಾಗ ಇಲ್ಲ! ವಿಂಬಲ್ಡನ್‌ನ 2000 ಕೈಗೆ ಬಂದಿದ್ದರೆ ಲೆಕ್ಕ ಬೇರೆಯೇ ಇರುತ್ತಿತ್ತು.

ಬ್ಯಾಡ್ಮಿಂಟನ್ ದಾರಿ ಬೇರೆ. ಅಲ್ಲಿ ಡಬಲ್ಸ್ ರ‍್ಯಾಂಕಿಂಗ್ ಜೋಡಿಯ ಹೆಸರಿಗೆ, 52 ವಾರದಲ್ಲಿ ಅತ್ಯುತ್ತಮ 10 ಟೂರ್ನಿಗಳ ಲೆಕ್ಕ. ಹುಡುಗನ ಲೀಗಿನ ಹಾಗೆಯೇ. ಅದು ಎಷ್ಟು ಕಠಿಣ ಅನ್ನೋದಕ್ಕೆ ಇನ್ನೊಬ್ಬ ಕೊಡಗಿನವರನ್ನು ನೋಡಬೇಕು, ಅಶ್ವಿನಿ ಪೊನ್ನಪ್ಪ. ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದವರು. ಆಮೇಲೆ ಸಿಕ್ಕಿ ರೆಡ್ಡಿ ಜೊತೆ ಆಡಿದರು. 2023ರ ಆರಂಭದಲ್ಲಿ ತನಿಷಾ ಕ್ರಾಸ್ಟೊ ಜೊತೆ ಹೊಸ ಜೋಡಿ. ಅನುಭವ ಒಂದೂವರೆ ದಶಕದ್ದು, ಅಂಕ ಮಾತ್ರ ಹೊಸದಾಗಿ ಸೇರಿಸಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನ ಅರ್ಹತೆಯ ಅವಧಿ 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗೆ. ಒಂದು ದೇಶದಿಂದ ಎರಡು ಜೋಡಿ ಹೋಗಬೇಕಾದರೆ ಇಬ್ಬರೂ ಮೊದಲ ಎಂಟರಲ್ಲಿರಬೇಕು. ಭಾರತಕ್ಕೆ ಅಂಥ ಎರಡು ಜೋಡಿ ಇರಲಿಲ್ಲ. ಅಂದರೆ ಒಂದೇ ಜಾಗ, ಮತ್ತು ಎದುರಿಗೆ ಟ್ರೀಸಾ ಜಾಲಿ, ಗಾಯತ್ರಿ ಗೋಪಿಚಂದ್.

ಟ್ರೀಸಾ, ಗಾಯತ್ರಿ 2022, 2023 ಎರಡೂ ವರ್ಷ ಆಲ್ ಇಂಗ್ಲೆಂಡ್ ಸೆಮಿಫೈನಲ್ ಆಡಿದವರು. ಅದು ದೊಡ್ಡ ದರ್ಜೆಯ, ಸೂಪರ್ 1000 ಮಟ್ಟದ ಟೂರ್ನಿ, ಸೆಮಿಫೈನಲ್ ತಲುಪಿದರೇ 8400 ಅಂಕ. ಕೆಳಗಿನ ದರ್ಜೆಯ ಸೂಪರ್ 100 ಟೂರ್ನಿಯೊಂದನ್ನು ಪೂರ್ತಿ ಗೆದ್ದರೂ ಸಿಗುವುದು 5500. ಆದರೆ 2023ರ ಆಲ್ ಇಂಗ್ಲೆಂಡ್ ನಡೆದದ್ದು ಮಾರ್ಚ್‌ನಲ್ಲಿ, ಪ್ಯಾರಿಸ್ ಬಾಗಿಲು ತೆರೆದದ್ದು ಮೇಯಲ್ಲಿ. ಆ 8400 ಆ ಲೆಕ್ಕಕ್ಕೆ ಬರಲೇ ಇಲ್ಲ. ಇತ್ತ ಅಶ್ವಿನಿ, ತನಿಷಾ ಅಬುಧಾಬಿ, ಗುವಾಹಟಿ ಅಂತ ಸಣ್ಣ ಟೂರ್ನಿಗಳಲ್ಲೂ ಆಡಿ ಗೆದ್ದು ಅಂಕ ಕೂಡಿಹಾಕಿದರು. ಕೊನೆಗೆ ಪ್ಯಾರಿಸ್‌ಗೆ ಹೋದದ್ದು ಅವರೇ. ಅಲ್ಲಿ ಗುಂಪಿನ ಮೂರೂ ಪಂದ್ಯ ಸೋತರು, ಅದು ಬೇರೆ ಮಾತು. ದೊಡ್ಡ ಗೆಲುವು ಇದ್ದವರನ್ನು ಬಿಟ್ಟು ಸಣ್ಣ ಟೂರ್ನಿ ಆಡಿದವರನ್ನು ಕಳಿಸಿದರು ಅಂತ ಆಗ ಗೊಣಗಿದವರಿದ್ದಾರೆ. ನಾನು ಒಪ್ಪೋದಿಲ್ಲ. ಅವಧಿ ಯಾವುದು, ಯಾವ ಟೂರ್ನಿಗೆ ಎಷ್ಟು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಅದನ್ನು ಓದಿಕೊಂಡು, ಊರೂರು ಸುತ್ತಿ ಆಡುವುದೂ ಆಟದ ಭಾಗವೇ.

ಒಲಿಂಪಿಕ್ಸ್ ಟೆನಿಸ್‌ನಲ್ಲಿ ಮತ್ತೆ ಸ್ವಂತ ಖಾತೆ. ಡಬಲ್ಸ್‌ನಲ್ಲಿ ಮೊದಲ 10ರೊಳಗೆ ಇರುವವರಿಗೆ ನೇರ ಪ್ರವೇಶ, ತಮ್ಮ ದೇಶದ ಜೊತೆಗಾರನನ್ನು ಕರೆದುಕೊಂಡು ಹೋಗಬಹುದು. 2024ರಲ್ಲಿ ಬೋಪಣ್ಣ ಆ ರ‍್ಯಾಂಕಿನ ಬಲದಲ್ಲೇ ಶ್ರೀರಾಮ್ ಬಾಲಾಜಿಯನ್ನು ಆರಿಸಿಕೊಂಡರು. ಇಬ್ಬರೂ ಮೊದಲ ಸುತ್ತಲ್ಲಿ ಸೋತರು. ಎಬ್ಡನ್ ಆಸ್ಟ್ರೇಲಿಯಾದ ಜಾನ್ ಪಿಯರ್ಸ್ ಜೊತೆ ಆಡಿ ಚಿನ್ನ ಗೆದ್ದರು! ವರ್ಷವಿಡೀ ಜೊತೆಗಿದ್ದವರು ಅಲ್ಲಿ ಬೇರೆ ಬೇರೆ ಬಣ್ಣದಲ್ಲಿ. ಇನ್ನು 2016ರ ಕಥೆ ಕೇಳಿದರೆ ನಗಬೇಕೋ ಅಳಬೇಕೋ. ಬೋಪಣ್ಣ ಸರಿಯಾಗಿ 10ನೇ ರ‍್ಯಾಂಕಿನಲ್ಲಿದ್ದರು, ಸಾಕೇತ್ ಮೈನೇನಿ ಬೇಕು ಅಂದರು. ಟೆನಿಸ್ ಸಂಸ್ಥೆ ಲಿಯಾಂಡರ್ ಪೇಸ್ ಅವರನ್ನು ಜೊತೆಗೆ ಹಾಕಿತು. ಮೊದಲ ಸುತ್ತಿನಲ್ಲೇ ಸೋಲು. ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆದರೆ ಅಂಕ ಆಟಗಾರನದ್ದು ಅಂದ ಮೇಲೆ ಜೊತೆಗಾರನ ಆಯ್ಕೆಯೂ ಅವನದ್ದೇ ಆಗಬೇಕಿತ್ತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ತಲೆನೋವೇ ಇಲ್ಲ, ಯಾಕೆಂದರೆ ನಾವು ಚೀಟಿ ಎತ್ತುತ್ತೇವೆ. ಭಾನುವಾರ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಹೆಸರು ಬರೆದ ಚೀಟಿ, ಸಂಪ್ ಪಕ್ಕದ ಕೋರ್ಟು, ಎಂಟನೇ ಕ್ಲಾಸಿನ ಹುಡುಗಿಗೆ ಬಿ ಬ್ಲಾಕಿನ ರಿಟೈರ್ಡ್ ಮೇಷ್ಟ್ರು ಜೊತೆಗಾರ. ಹೀಗಿರುವಾಗ ಜೋಡಿಗೆ ಅಂಕ ಕೊಟ್ಟರೆ ಅರ್ಥವೇ ಇಲ್ಲ, ಸ್ವಂತ ಖಾತೆಯೇ ಸರಿ. ಆದರೆ ಚೀಟಿ ಇಲ್ಲದೆ, ಜೊತೆಗಾರನನ್ನು ನೀವೇ ಆರಿಸಿಕೊಳ್ಳಿ ಅಂತ ಬಿಟ್ಟು ಬರೀ ಸ್ವಂತ ಖಾತೆ ಇಟ್ಟರೆ? ಮೇಲಿನ ಇಬ್ಬರು ಕೊನೆಯ ವಾರ ಕೈ ಜೋಡಿಸಿ ಫೈನಲ್‌ಗೆ ಬಂದು ನಿಲ್ಲುತ್ತಾರೆ. ವರ್ಷವಿಡೀ ಒಟ್ಟಿಗೆ ಬೆವರು ಸುರಿಸಿದ ಸಾಧಾರಣ ಜೋಡಿಯ ಜಾಗ ಕೈತಪ್ಪಿ ಹೋಗುತ್ತದೆ. ಹುಡುಗನಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ನಮ್ ಜಾಗಾನೇ ಹೋಗುತ್ತೆ ಬಿಡು" ಅಂದ.

ಆದ್ದರಿಂದ ನಾನು ಬರೆದುಕೊಟ್ಟದ್ದು ಎಟಿಪಿಯದ್ದೇ ಸಣ್ಣ ಆವೃತ್ತಿ. ಗುಂಪು ಮಾಡುವಾಗ ಇಬ್ಬರ ಸ್ವಂತ ಅಂಕ ಕೂಡಿಸಿ ನೋಡಿ, ಸೊನ್ನೆ ಜೋಡಿಯ ಅವಾಂತರ ತಪ್ಪುತ್ತದೆ. ವರ್ಷದ ಫೈನಲ್‌ಗೆ ಜೋಡಿಯ ಅಂಕ ನೋಡಿ. ವರ್ಷಕ್ಕೆ ಆರು ಟೂರ್ನಿ ಇದ್ದರೆ ಅತ್ಯುತ್ತಮ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇದು ತುಂಬಾ ಮುಖ್ಯ. ಎಲ್ಲ ಟೂರ್ನಿಯ ಅಂಕ ಕೂಡಿಸಿದರೆ ಗೆಲ್ಲುವುದು ಚೆನ್ನಾಗಿ ಆಡುವವನಲ್ಲ, ಪ್ರತಿ ಶನಿವಾರ ರೈಲಿನ ದುಡ್ಡು ಕೊಟ್ಟು ಬರೋಕೆ ಆಗುವವನು. ವೃತ್ತಿಪರರಿಗೆ ಪ್ರಯಾಣವೇ ಕೆಲಸ. ಈ ಹುಡುಗರಿಗೆ ಸೋಮವಾರ ಕ್ಲಾಸಿದೆ. ಎಂಟರಲ್ಲಿ ಏಳು ಜಾಗ ಅಂಕದಿಂದ ತುಂಬಿ, ಎಂಟನೆಯದಕ್ಕೆ ಹಿಂದಿನ ದಿನ ಒಂದು ಅರ್ಹತಾ ಸುತ್ತು ಇಡಿ, ಬೇಕಾದವರು ಬಂದು ಆಡಲಿ. ವರ್ಷವಿಡೀ ಗಾಯಗೊಂಡು ಕೂತಿದ್ದವರಿಗೆ, ಸೀಸನ್ ಮಧ್ಯೆ ಊರಿಗೆ ಹೊಸದಾಗಿ ಬಂದವರಿಗೆ ಅದೊಂದು ದಾರಿ.

ಅವನು ತಕ್ಷಣ ಕೇಳಿದ್ದು, ಫೈನಲ್‌ಗೆ ಅರ್ಹತೆ ಪಡೆದ ಮೇಲೆ ಜೊತೆಗಾರನ ಕಾಲು ಉಳುಕಿದರೆ ಏನು ಮಾಡೋದು ಅಂತ. ಟ್ಯೂರಿನ್‌ನಲ್ಲಾದರೆ ಜೋಡಿಯೇ ಹೊರಗೆ, ಕಾದು ಕೂತಿರುವ ಮೀಸಲು ಜೋಡಿ ಒಳಗೆ. ಸ್ವಂತ ದುಡ್ಡಿನಲ್ಲಿ ಆಡೋ ಹುಡುಗರಿಗೆ ಇಷ್ಟು ಬಿಗಿ ಬೇಡ ಅನಿಸಿತು. ಬದಲಿ ಆಟಗಾರನನ್ನು ತರಲಿ, ಆದರೆ ಅವನ ಸ್ವಂತ ಅಂಕ ಗಾಯಗೊಂಡವನ ಅಂಕಕ್ಕಿಂತ ಜಾಸ್ತಿ ಇರಬಾರದು ಅಂದೆ. ಅವನು ಅದನ್ನು ಹಾಗೇ ಅವರ ಗ್ರೂಪಿಗೆ ಹಾಕಿದ್ದಾನೆ. ಇಬ್ಬರು ಆಗಲೇ ವಿರೋಧ ಮಾಡಿದ್ದಾರಂತೆ. ಯಾರು ಅಂತ ಕೇಳಿದೆ. ಅದೇ, ಹಾಳೆಯ ಮೇಲೆ ಸೊನ್ನೆ ಇದ್ದವರು.